ಐದನೇ ಮಹಡಿಯಿಂದ ನೆಲಮಾಳಿಗೆಗೆ

ಪಟ್ಟಿ ಸಿಸ್ಟರ್ ಎಂದರೆ ಆ ಆಸ್ಪತ್ರೆಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅಷ್ಟಂತೂ ಖಂಡಿತ. ಕ್ಯಾನ್ಸರ್ ವಿಭಾಗಕ್ಕೆ ಬರುವ ಪ್ರತಿಯೊಬ್ಬ ರೋಗಿಯೂ ಮೊದಲು ಅವಳ ಪಟ್ಟಿಗೆ ಬರಬೇಕು. ಸ್ಕ್ಯಾನ್ ಯಾವತ್ತು, ಯಾವ ಡಾಕ್ಟರನ್ನು ನೋಡಬೇಕು, ಯಾವುದಕ್ಕೆ ಯಾರ ಒಪ್ಪಿಗೆ ಬೇಕು ಎಂಬುದನ್ನೆಲ್ಲ ಹೊಂದಿಸಿ ದಾರಿ ಮಾಡಿಕೊಡುವುದು ಅವಳ ಕೆಲಸ. ಸಂಸ್ಥೆಯೇನು ಸಣ್ಣದೇ? ಮೂರು ಆಸ್ಪತ್ರೆ, ನಲವತ್ತು ಕ್ಲಿನಿಕ್ಕು, ಸ್ವಂತ ಲ್ಯಾಬು, ಸ್ವಂತ ಔಷಧದಂಗಡಿ, ಲಕ್ಷಗಟ್ಟಲೆ ಸದಸ್ಯರು. ಒಮ್ಮೆ ಸದಸ್ಯರಾದರೆ ಮುಗಿಯಿತು, ಹಲ್ಲುನೋವಿನಿಂದ ಹಿಡಿದು ಹೃದಯದ ಆಪರೇಷನ್‌ವರೆಗೆ ಎಲ್ಲ ಅವರದೇ ಜವಾಬ್ದಾರಿ. ಒಳ್ಳೆಯ ವ್ಯವಸ್ಥೆಯೇ, ಸುಳ್ಳು ಹೇಳಬಾರದು. ಆದರೆ ಅಷ್ಟು ದೊಡ್ಡ ವ್ಯವಸ್ಥೆಯಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕಾಗದ ದಾಟುವಾಗ ನಡುವೆ ಮನುಷ್ಯರೇ ಬಿದ್ದುಹೋಗುತ್ತಾರೆ. ಬಿದ್ದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಹಾಗೆ ಬೀಳಬಾರದೆಂದೇ ನಿಯಮಗಳಿದ್ದವು. ರೋಗಿಗೆ ಮೂರು ಬೇರೆ ಬೇರೆ ದಿನ ಫೋನ್ ಮಾಡಬೇಕು. ಸಿಗದಿದ್ದರೆ ಮನೆಗೆ ಒಂದು ಪತ್ರ. ಎರಡು ವಾರದಲ್ಲಿ ಅದಕ್ಕೂ ಉತ್ತರ ಬರದಿದ್ದರೆ 'ಸಂಪರ್ಕಕ್ಕೆ ಸಿಗಲಿಲ್ಲ' ಎಂದು ಬರೆದು ಫೈಲು ಮುಚ್ಚಬೇಕು. ಮುಚ್ಚಿದ ಫೈಲು ಪಟ್ಟಿಯಿಂದ ಮಾಯ. ತಿಂಗಳ ಕೊನೆಗೆ ಯಾರ ಪಟ್ಟಿಯಲ್ಲಿ ಬಾಕಿ ಕಮ್ಮಿಯೋ ಅವರಿಗೆ ಶಹಬ್ಬಾಸ್‌ಗಿರಿ. ಪಟ್ಟಿ ಸಿಸ್ಟರ್‌ಗೆ ಅದು ಆರು ತಿಂಗಳಿಂದ ಒಂದೇ ಸಮನೆ ಸಿಗುತ್ತಿತ್ತು. ತಿಂಗಳ ಕೊನೆಯ ಶುಕ್ರವಾರ ಮಧ್ಯಾಹ್ನ ಅವಳು ಕುರ್ಚಿ ಎಳೆದುಕೊಂಡು ಕೂತಳೆಂದರೆ ಟಕ ಟಕ ಟಕ, ಎಂಟು ಹತ್ತು ಫೈಲು ಮುಚ್ಚಿ, ಪಟ್ಟಿ ಚೊಕ್ಕ ಮಾಡಿ, ಕೈ ತೊಳೆದುಕೊಂಡು ಮನೆಗೆ ಹೋಗುತ್ತಿದ್ದಳು. ನೆಮ್ಮದಿಯ ನಿದ್ದೆಯೂ ಬರುತ್ತಿತ್ತು ಅನ್ನಿ.

ಆ ನಿದ್ದೆ ಕೆಡಿಸಿದವರು ಸ್ಲೈಡ್ ಡಾಕ್ಟರು. ಬಯಾಪ್ಸಿಯ ತುಣುಕುಗಳನ್ನು ಗಾಜಿನ ಸ್ಲೈಡಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವವರು ಅವರೇ. ಹಿಂದಿನ ಕಟ್ಟಡದ ಒಂದು ಕೋಣೆಯಲ್ಲಿ ಮೂವತ್ತು ವರ್ಷದಿಂದ ಕೂತಿದ್ದರು, ಮನುಷ್ಯರ ಜೊತೆ ಮಾತಾಡಿದ್ದು ಅಪರೂಪ. ಅಂಥವರು ಒಂದು ಗುರುವಾರ ಬೆಳಿಗ್ಗೆ ತಾವಾಗಿ ಫೋನ್ ಮಾಡಿದರು. ಏಳು ವಾರದ ಹಿಂದೆ ಒಂದು ವರದಿ ಕೊಟ್ಟಿದ್ದೆ, ಐವತ್ತೆರಡು ವರ್ಷದ ಹೆಂಗಸು, ಎದೆಯಲ್ಲಿ ಗಂಟು, ಜೋರಾಗಿ ಬೆಳೆಯುವ ಜಾತಿಯದು. ಸಾಮಾನ್ಯವಾಗಿ ವಾರದೊಳಗೆ ಯಾರಾದರೂ ಮುಂದಿನ ಪರೀಕ್ಷೆ ಮಾಡಿಕೊಡಿ ಎಂದು ಪೀಡಿಸುತ್ತಾರೆ, ಇದಕ್ಕೆ ಯಾರೂ ಪೀಡಿಸಲಿಲ್ಲ. ಇವತ್ತು ಈ ಸ್ಲೈಡುಗಳನ್ನು ಉಗ್ರಾಣಕ್ಕೆ ಕಳಿಸಬೇಕು, ಕೈ ಬರಲಿಲ್ಲ. ಆಯಮ್ಮ ಏನಾದಳು? ಎಂದು ಕೇಳಿದರು.

ಪಟ್ಟಿ ಸಿಸ್ಟರ್ ಕಂಪ್ಯೂಟರಿನಲ್ಲಿ ಹುಡುಕಿದಳು. ಫೈಲು ಸಿಕ್ಕಿತು. ಕ್ಲಿನಿಕ್ಕಿನ ಡಾಕ್ಟರು 'ತುರ್ತು' ಎಂದು ಬರೆದೇ ಕಳಿಸಿದ್ದರು. ಮೂರು ಫೋನು ಆಗಿತ್ತು, ಪತ್ರ ಹೋಗಿತ್ತು, ವಿಳಾಸದಲ್ಲಿ ಯಾರೂ ಇಲ್ಲವೆಂದು ವಾಪಸ್ಸೂ ಬಂದಿತ್ತು. ಕೆಳಗೆ ಕೆಂಪು ಅಕ್ಷರದಲ್ಲಿ 'ಮುಚ್ಚಲಾಗಿದೆ'. ಮುಚ್ಚಿದವರು ಯಾರು ಎಂಬ ಜಾಗದಲ್ಲಿ ಅವಳದೇ ಹೆಸರು. ಆ ಶುಕ್ರವಾರ ಅವಳಿಗೆ ನೆನಪೇ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಮೂರೂ ಫೋನು ಬೆಳಿಗ್ಗೆ ಹತ್ತರಿಂದ ಒಂದರ ಒಳಗೆ ಮಾಡಿದ್ದು, ಏಕೆಂದರೆ ಫೋನ್ ಮಾಡುವ ಹೊತ್ತು ಅಂತ ಕಚೇರಿಯಲ್ಲಿ ನಿಗದಿಯಾಗಿದ್ದೇ ಅದು. ಈಗಲೂ ಅದೇ ಹೊತ್ತು. ನಾಲ್ಕು ಸಲ ಹಚ್ಚಿದಳು, ರಿಂಗಾಗಿ ರಿಂಗಾಗಿ ನಿಂತಿತು. ಹೊಸ ವಿಳಾಸವಿಲ್ಲ. ಕ್ಲಿನಿಕ್ಕಿಗೂ ಗೊತ್ತಿಲ್ಲ. ಇನ್ನೇನು ಮಾಡುವುದೆಂದು ತಲೆ ಮೇಲೆ ಕೈ ಹೊತ್ತು ಕೂತವಳು, ಯಾವತ್ತೂ ಯಾರೂ ಓದದ ಕೊನೆಯ ಪುಟದವರೆಗೆ ಫೈಲನ್ನು ಓದಿದಳು. ಅಲ್ಲಿ 'ಉದ್ಯೋಗ' ಎಂಬ ಒಂದು ಸಾಲು. ಸಂಸ್ಥೆಯ ನೌಕರರು. ಲಾಂಡ್ರಿ ವಿಭಾಗ. ಮುಖ್ಯ ಆಸ್ಪತ್ರೆ, ನೆಲಮಾಳಿಗೆ.

ಮುಖ್ಯ ಆಸ್ಪತ್ರೆ ಅಂದರೆ ಇದೇ. ಪಟ್ಟಿ ಸಿಸ್ಟರ್ ಕೂತಿದ್ದ ಕುರ್ಚಿಯಿಂದ ನೇರ ಕೆಳಗೆ ಐದು ಮಹಡಿ, ಆಮೇಲೆ ಇನ್ನೊಂದು.

ಹದಿನೆಂಟು ವರ್ಷ ಅದೇ ಕಟ್ಟಡದಲ್ಲಿ ದುಡಿದವಳು ನೆಲಮಾಳಿಗೆಗೆ ಹೋಗಿದ್ದು ಅದೇ ಮೊದಲು. ಹೋಗಬೇಕಾದ ಕೆಲಸವೇನಿತ್ತು? ದಿನಾ ಬೆಳಿಗ್ಗೆ ಮಡಿಸಿದ ಯೂನಿಫಾರ್ಮು ತಾನಾಗಿ ಮೇಲೆ ಬರುತ್ತಿತ್ತು. ಲಿಫ್ಟು ಅಲ್ಲಿಗೆ ಇಳಿಯುತ್ತದೋ ಇಲ್ಲವೋ ಎಂಬುದೂ ಅವಳಿಗೆ ಗೊತ್ತಿರಲಿಲ್ಲ, ಹಾಗಾಗಿ ಮೆಟ್ಟಿಲು ಹಿಡಿದು ಓಡಿದಳು. ಕೆಳಗೆ ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ಚಿಕ್ಕ ಚಿಕ್ಕ ಗೂಡುಗಳು, ಗೂಡಿಗೊಂದು ಮೊಬೈಲು. ಯಂತ್ರಗಳ ಹತ್ತಿರ ಫೋನ್ ತರಕೂಡದು ಎಂದು ಬೋರ್ಡು. ಒಂದು ಗೂಡಿನ ಫೋನು ಇನ್ನೂ ಮಿನುಗುತ್ತಿತ್ತು, ನಾಲ್ಕು ಮಿಸ್ಡ್ ಕಾಲ್, ನಂಬರಿನ ಜಾಗದಲ್ಲಿ ಏನೂ ಇಲ್ಲ. ಆಸ್ಪತ್ರೆಯ ನಂಬರು ಯಾರಿಗೂ ಕಾಣಬಾರದೆಂದು ಅದನ್ನೂ ಯಾರೋ ಬುದ್ಧಿವಂತರು ನಿಯಮ ಮಾಡಿದ್ದರು. ತಿರುಗಿ ಫೋನ್ ಮಾಡುವುದಾದರೂ ಯಾರಿಗೆ?

ಒಳಗೆ ಬಿಸಿ ಹವೆ, ಸೋಪಿನ ಘಾಟು, ತಿರುಗುವ ದೊಡ್ಡ ಡ್ರಮ್ಮುಗಳ ಗದ್ದಲ. ಮಧ್ಯದಲ್ಲಿ ಮಂಚದಷ್ಟು ಅಗಲದ ಇಸ್ತ್ರಿ ಯಂತ್ರ. ಈ ಕಡೆಯಿಂದ ಇಬ್ಬರು ಒದ್ದೆ ಬೆಡ್‌ಶೀಟು ಒಳಗೆ ಬಿಡುತ್ತಾರೆ, ಆ ಕಡೆಯಿಂದ ಇಬ್ಬರು ಗರಿಗರಿಯಾಗಿ ಹೊರಬಂದದ್ದನ್ನು ಹಿಡಿದು ಮಡಿಸುತ್ತಾರೆ. ಎಲ್ಲರ ಹುಬ್ಬಿನ ಮೇಲೂ ಬಿಳಿ ನೂಲಿನ ಧೂಳು. ಹೆಸರು ಹೇಳಿ ವಿಚಾರಿಸಿದರೆ, ಎಡಗೈಯಲ್ಲೇ ಮಡಿಸುತ್ತಿದ್ದ ಒಬ್ಬಳು ಆ ಕೈ ಚಾಚಿ ತೋರಿಸಿದಳು. ದೊಡ್ಡಕ್ಕನಾ, ಅಗೋ ಅಲ್ಲಿ, ಅಂದಳು. ಅಲ್ಲಿದ್ದ ಇಪ್ಪತ್ತು ಜನಕ್ಕೂ ಆಕೆ ದೊಡ್ಡಕ್ಕನೇ.

ದೊಡ್ಡಕ್ಕ ಗಟ್ಟಿಮುಟ್ಟಾದ ಹೆಂಗಸು. ಮೇಲಿನ ಸಿಸ್ಟರ್ ಒಬ್ಬಳು ಇಲ್ಲಿಗೆ ಬಂದಳೆಂದರೆ ಬೆಡ್‌ಶೀಟಿನ ದೂರೇ ಇರಬೇಕೆಂದುಕೊಂಡು, ನಿನ್ನೆಯದು ನಮ್ಮ ತಪ್ಪಲ್ಲ, ಕಲೆ ಹಳೇದು ಎಂದು ಶುರುಮಾಡಿದಳು. ಪಟ್ಟಿ ಸಿಸ್ಟರ್ ಆಕೆಯ ಕೈ ಹಿಡಿದು ಒಗೆದ ಬಟ್ಟೆ ಪೇರಿಸುವ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಗದ್ದಲ ಕಮ್ಮಿ. ಆ ಬಯಾಪ್ಸಿಯ ವಿಷಯ ಏನಾಯಿತೆಂದು ಯಾಕೆ ಕೇಳಲಿಲ್ಲ ಎಂದಳು, ಅಂದ ಮೇಲೆ ಕೇಳಿದ್ದೇ ತಪ್ಪು ಅನ್ನಿಸಿತು.

"ಏನಾದ್ರೂ ಇದ್ರೆ ನಾವೇ ಫೋನ್ ಮಾಡ್ತೀವಿ ಅಂದಿದ್ರು ಕ್ಲಿನಿಕ್‌ನಲ್ಲಿ," ಅಂದಳು ದೊಡ್ಡಕ್ಕ. "ಯಾರೂ ಮಾಡ್ಲಿಲ್ಲ. ಸದ್ಯ, ಏನೂ ಇಲ್ಲ ಅನ್ಕೊಂಡೆ."

ಕಾಯಿಲೆಯ ಹೆಸರು ರೋಗಿಗೆ ಹೇಳಬೇಕಾದವರು ಡಾಕ್ಟರು, ನರ್ಸಲ್ಲ. ಅದೂ ನಿಯಮವೇ. ಆ ಹೊತ್ತಿಗೆ ಪಟ್ಟಿ ಸಿಸ್ಟರ್‌ಗೆ ನಿಯಮ ಎಂಬ ಪದ ಕೇಳಿದರೆ ಮೈ ಉರಿಯುತ್ತಿತ್ತು. ದಿಂಬಿನ ಕವರುಗಳ ರಾಶಿಯ ಪಕ್ಕ ಆಕೆಯನ್ನು ಕೂರಿಸಿ, ತಾನೂ ಕೂತು, ಕಣ್ಣು ತಪ್ಪಿಸದೆ ಹೇಳಿದಳು. "ಗಂಟಿನಲ್ಲಿ ಕ್ಯಾನ್ಸರ್ ಇದೆ. ವಾಸಿ ಮಾಡೋಕೆ ಔಷಧಿ ಇದೆ, ನಮ್ಮಲ್ಲೇ ಇದೆ. ಆದ್ರೆ ಏಳು ವಾರ ಹಾಳಾಗಿದೆ. ನೀವು ಫೋನಿಗೆ ಸಿಗ್ಲಿಲ್ಲ ಅಂತ ಫೈಲು ಮುಚ್ಚಿದೋಳು ನಾನೇ."

ದೊಡ್ಡಕ್ಕ ರಾಶಿಯಿಂದ ಒಂದು ಕವರು ತೆಗೆದು ಮಡಿಸಿದಳು, ಇನ್ನೊಂದು ತೆಗೆದು ಮಡಿಸಿದಳು. ಅಳುತ್ತಾಳೆ ಎಂದು ಪಟ್ಟಿ ಸಿಸ್ಟರ್ ಕಾದಳು. ಆಕೆ ಅಳುವ ಪೈಕಿ ಅಲ್ಲ.

"ಮೂರು ಸಲ ಫೋನ್ ಮಾಡಿದ್ರಿ," ಅಂದಳು ಕೊನೆಗೆ. "ಪತ್ರ ಬರೆದ್ರಿ. ಒಂದ್ಸಲ ಮೆಟ್ಟಿಲು ಇಳೀಲಿಲ್ಲ."

ಪಟ್ಟಿ ಸಿಸ್ಟರ್ ಕ್ಷಮಿಸಿ ಎನ್ನಬಹುದಿತ್ತು, ಅನ್ನಲಿಲ್ಲ. ಹಾಗಂದರೆ ಪಾಪ ಆ ಹೆಂಗಸು, ಇರಲಿ ಬಿಡಿ ಎಂದು ತನ್ನನ್ನೇ ಸಮಾಧಾನ ಮಾಡಬೇಕಾಗುತ್ತದೆ, ಅಷ್ಟು ನಾಚಿಕೆಗೇಡಿ ತಾನಲ್ಲ ಅಂದುಕೊಂಡಳು. ಶಿಫ್ಟು ಮೂರಕ್ಕೆ ಮುಗಿಯುತ್ತದೆ, ಆಮೇಲೆ ಬರುತ್ತೇನೆ ಎಂದಳು ದೊಡ್ಡಕ್ಕ. ಅದೆಲ್ಲ ಆಗದು, ಈಗಲೇ ಹೊರಡಿ ಎಂದಳು ಇವಳು. ಎಡಗೈಯಲ್ಲಿ ಮಡಿಸುವವಳು ಬಂದು ದೊಡ್ಡಕ್ಕನ ಏಪ್ರನ್ನು ಬಿಚ್ಚಿ ತಾನು ಕಟ್ಟಿಕೊಂಡಳು.

ಮುಂದಿನ ಲೆಕ್ಕಾಚಾರ ಹೀಗಿತ್ತು. ಪ್ರತಿ ಬುಧವಾರ ಕ್ಯಾನ್ಸರ್ ಡಾಕ್ಟರುಗಳೆಲ್ಲ ಒಂದು ಕೋಣೆಯಲ್ಲಿ ಕೂತು ಒಬ್ಬೊಬ್ಬ ರೋಗಿಗೂ ಏನು ಚಿಕಿತ್ಸೆ ಎಂದು ನಿರ್ಧರಿಸುತ್ತಾರೆ. ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಆ ಸಭೆಯ ಪಟ್ಟಿ ಬಂದ್. ಅಷ್ಟರೊಳಗೆ ಸ್ಕ್ಯಾನು, ರಕ್ತ, ಹೃದಯದ ಪರೀಕ್ಷೆ, ಸ್ಲೈಡಿನ ಮುಂದಿನ ಪರೀಕ್ಷೆ ಎಲ್ಲ ಸೇರಬೇಕು. ಒಂದೊಂದಕ್ಕೂ ಕೋರಿಕೆ ಕಳಿಸಿ ಐದು ಕೆಲಸದ ದಿನ ಕಾಯುವುದು ಪದ್ಧತಿ. ಎಲ್ಲಕ್ಕಿಂತ ಮೊದಲು ಫೈಲು ತೆರೆಯಬೇಕು. ಮುಚ್ಚಿದ ಫೈಲಿಗೆ ಯಾವ ಯಂತ್ರವೂ ಸ್ಕ್ಯಾನ್ ಮಾಡುವುದಿಲ್ಲ.

ಫೈಲು ತೆರೆಯುವ ಅಧಿಕಾರ ನಾಲ್ಕನೇ ಮಹಡಿಯ ಒಪ್ಪಿಗೆ ಮೇಡಂ ಅವರದು. ಯಾವ ಪರೀಕ್ಷೆ ಬೇಕು, ಯಾವುದು ಬೇಡ ಎಂದು ಒಪ್ಪಿಗೆ ಕೊಡುವ ಕಚೇರಿ ಅವರದಾದ್ದರಿಂದ ಆ ಹೆಸರು. ಕೆಟ್ಟವರಲ್ಲ, ಆದರೆ ನಿಯಮದ ಪುಸ್ತಕವನ್ನು ತಲೆದಿಂಬಿನ ಕೆಳಗಿಟ್ಟು ಮಲಗುವವರು ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಅಲ್ಲಿಗೆ ಹೋಗುವಷ್ಟರಲ್ಲಿ ದೊಡ್ಡಕ್ಕನ ಗಂಡನೂ ಬಂದು ಸೇರಿದ. ಬೀಗ ರಿಪೇರಿ ಮಾಡುವವನು, ತೆಳ್ಳಗಿನ ಮನುಷ್ಯ, ಭುಜದ ಮೇಲೆ ಸಾಮಾನಿನ ಚೀಲ ಹಾಗೇ ಇತ್ತು. ಹೆಂಡತಿ ಫೋನಿನಲ್ಲಿ ಏನು ಹೇಳಿದಳೋ, ಮುಖದಲ್ಲಿ ರಕ್ತವಿರಲಿಲ್ಲ.

ಮೇಡಂ ಪರದೆ ನೋಡಿ ತಲೆಯಾಡಿಸಿದರು. ಮುಚ್ಚಿದ ಫೈಲು ಮುಚ್ಚಿದ್ದೇ. ಕ್ಲಿನಿಕ್ಕಿನಿಂದ ಹೊಸದಾಗಿ ಬರೆಸಿಕೊಂಡು ಬರಬೇಕು, ನಾಲ್ಕು ವಾರ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಪಟ್ಟಿ ಸಿಸ್ಟರ್ ವಾದಿಸಿದಳು, ಬೇಡಿಕೊಂಡಳು, ದನಿ ಏರಿಸಿದಳು. ಮೇಡಂ ಜಗ್ಗಲಿಲ್ಲ. ಆಗ ಬೀಗದವನು ಚೀಲ ಕೆಳಗಿಟ್ಟು ಮೆಲ್ಲಗೆ ಬಾಯಿ ತೆರೆದ.

"ಮೇಡಂ, ಮೂವತ್ತು ವರ್ಷದಿಂದ ಬೀಗದ ಕೆಲಸ ಮಾಡ್ತಿದೀನಿ. ಹಾಕೋಕೆ ಬರೋದನ್ನ ತೆಗೆಯೋಕೆ ಬರ್ದಿರೋ ಹಾಗೆ ಯಾರೂ ಮಾಡಿಡಲ್ಲ. ಎಲ್ಲೋ ಒಂದು ದಾರಿ ಇಟ್ಟೇ ಇರ್ತಾರೆ. ಇನ್ನೊಂದ್ಸಲ ನೋಡಿ."

ಅವನು ಅದನ್ನು ವ್ಯಂಗ್ಯಕ್ಕೆ ಹೇಳಲಿಲ್ಲ, ಕೆಲಸಗಾರ ಕೆಲಸಗಾರನಿಗೆ ಹೇಳುವಂತೆ ಹೇಳಿದ. ಮೇಡಂ ಕನ್ನಡಕ ಸರಿಮಾಡಿಕೊಂಡು ನಿಯಮದ ಪುಸ್ತಕ ತೆಗೆದರು. ಪುಟ ತಿರುವಿದರು, ತಿರುವಿದರು, ಬೆರಳಿಟ್ಟರು. ದಾರಿ ಇತ್ತು. ಫೈಲು ಮುಚ್ಚಿದ ವ್ಯಕ್ತಿಯೇ 'ನನ್ನ ತಪ್ಪಿನಿಂದ ಮುಚ್ಚಲಾಗಿದೆ' ಎಂದು ಬರೆದು ಸಹಿ ಹಾಕಿದರೆ ಆ ಕ್ಷಣವೇ ತೆರೆಯಬಹುದು. ಸಂಸ್ಥೆ ಹುಟ್ಟಿದಾಗಿನಿಂದ ಒಬ್ಬರೂ ಅದನ್ನು ಬಳಸಿರಲಿಲ್ಲ. ಯಾಕೆಂದು ಕೇಳಬೇಕೇ? ಆ ಕಾಗದ ಬರೆದವರ ಸೇವಾ ಪುಸ್ತಕದಲ್ಲಿ ಕೊನೆಯವರೆಗೂ ಉಳಿಯುತ್ತದೆ, ವಿಚಾರಣೆಯಾಗುತ್ತದೆ, ಬಡ್ತಿಯ ಮಾತು ಅಲ್ಲಿಗೆ ಮುಗಿಯಿತು.

"ಯೋಚನೆ ಮಾಡಿ ಸಿಸ್ಟರ್," ಅಂದರು ಮೇಡಂ. "ನೀವು ನಿಯಮದ ಪ್ರಕಾರಾನೇ ಮುಚ್ಚಿದೀರಿ. ತಪ್ಪೇ ಮಾಡಿಲ್ಲವಲ್ಲ."

ಅದು ನಿಜವೇ. ಮೂರು ಫೋನು, ಒಂದು ಪತ್ರ, ಎರಡು ವಾರ, ಒಂದು ಅಕ್ಷರವೂ ಹೆಚ್ಚುಕಮ್ಮಿಯಾಗಿರಲಿಲ್ಲ. ಯಾವ ವಿಚಾರಣೆಯಲ್ಲೂ ಅವಳನ್ನು ಯಾರೂ ಅಲುಗಾಡಿಸಲಾಗದು. ಮುಂದಿನ ವರ್ಷದ ಮೇಲ್ವಿಚಾರಕಿಯ ಹುದ್ದೆ ಪಟ್ಟಿ ಸಿಸ್ಟರಿನ ಕಣ್ಣ ಮುಂದೆ ಬಂದೂ ಹೋಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆಮೇಲೆ ಮೇಡಂ ಮೇಜಿನ ಮೇಲಿದ್ದ ಪೆನ್ನನ್ನೇ ಎತ್ತಿಕೊಂಡು ಬರೆದಳು. ಈ ರೋಗಿ ನಾನು ಕೂರುವ ಕಟ್ಟಡದಲ್ಲೇ ಇದ್ದರು, ನಾನು ಹುಡುಕಲಿಲ್ಲ, ತಪ್ಪು ನನ್ನದು. ಮೂರೇ ಮಾತು, ಕೆಳಗೆ ಸಹಿ. ಮೇಡಂ ಅದನ್ನು ಎರಡು ಸಲ ಓದಿದರು. ಓದಿ, ಫೈಲು ತೆರೆದರು. ಅಷ್ಟೇ ಅಲ್ಲ, ಎಲ್ಲ ಪರೀಕ್ಷೆಗೂ ಅಲ್ಲೇ ಕೂತು ಒಂದೇ ಉಸಿರಿನಲ್ಲಿ ಒಪ್ಪಿಗೆ ಒತ್ತಿದರು. ಅವರ ಕೈ ಅಷ್ಟು ಜೋರಾಗಿ ಓಡಿದ್ದನ್ನು ಆ ಕಚೇರಿ ಕಂಡಿರಲಿಲ್ಲ.

ಇನ್ನು ನೋಡಿ ಮಜಾ. ಕೋರಿಕೆ ಕಳಿಸಿ ಕಾಯುವ ಗೊಡವೆಯೇ ಬೇಡ, ಕೈ ಹಿಡಿದು ಬಾಗಿಲಿಂದ ಬಾಗಿಲಿಗೆ ಕರೆದುಕೊಂಡು ಹೋಗುತ್ತೇನೆ, ಕಾಲು ಹಿಡಿದಾದರೂ ಕೆಲಸ ಮಾಡಿಸುತ್ತೇನೆ ಎಂದು ಪಟ್ಟಿ ಸಿಸ್ಟರ್ ಟೊಂಕ ಕಟ್ಟಿ ಹೊರಟಳು. ಯಾರ ಕಾಲನ್ನೂ ಹಿಡಿಯಬೇಕಾಗಲಿಲ್ಲ. ಸ್ಕ್ಯಾನ್ ಕೋಣೆಯವನು ಇವಳನ್ನು ನೋಡಿ, ಜಾಗವಿಲ್ಲ, ಮುಂದಿನ ಗುರುವಾರ ಬನ್ನಿ ಎನ್ನಲು ಬಾಯಿ ತೆರೆದವನು, ಹಿಂದಿದ್ದ ದೊಡ್ಡಕ್ಕನನ್ನು ನೋಡಿ ಬಾಯಿ ಮುಚ್ಚಿದ. ಆ ಕೋಣೆ ಯಾವಾಗಲೂ ತಣ್ಣಗೆ ಕೊರೆಯುತ್ತದೆ, ರೋಗಿಗಳು ನಡುಗುತ್ತಾರೆ ಎಂದು ಯಂತ್ರದಿಂದ ಬಿಸಿಬಿಸಿಯಾಗಿ ಬಂದ ಹೊದಿಕೆಗಳನ್ನು ಹನ್ನೊಂದು ವರ್ಷದಿಂದ ಮೊದಲು ಅಲ್ಲಿಗೇ ಕಳಿಸುತ್ತಿದ್ದವಳು ಆಕೆ. ನಾಲ್ಕು ಗಂಟೆಯ ರೋಗಿ ಬರುವುದಿಲ್ಲ ಅಂದಿದಾರೆ, ಮಲ್ಕೋ ದೊಡ್ಡಕ್ಕ ಎಂದ. ಹೃದಯ ಪರೀಕ್ಷೆಯ ಹುಡುಗಿಗೆ ಕೆಲಸಕ್ಕೆ ಸೇರಿದ ಮೊದಲ ದಿನ ಕೋಟಿನ ಗುಂಡಿ ಕಿತ್ತುಹೋಗಿ ಅಳುತ್ತಿದ್ದಾಗ ಹೊಲಿದುಕೊಟ್ಟವಳು ಆಕೆ. ರಕ್ತ ತೆಗೆಯುವವರ ಇಡೀ ಬಳಗಕ್ಕೆ ಆಕೆ ಗೊತ್ತು. ಅಷ್ಟೂ ಬಾಗಿಲು ತೆಗೆದುಕೊಂಡವು. ತಾನು ಆಕೆಯನ್ನು ಎಳೆದುಕೊಂಡು ಹೋಗುತ್ತಿದ್ದೇನೆ ಎಂದುಕೊಂಡಿದ್ದ ಪಟ್ಟಿ ಸಿಸ್ಟರ್, ಮೂರನೇ ಕೋಣೆ ದಾಟುವ ಹೊತ್ತಿಗೆ ಆಕೆಯ ಹಿಂದೆ ಓಡುತ್ತಿದ್ದಳು. ಇಡೀ ಕಟ್ಟಡಕ್ಕೆ ಗೊತ್ತಿರುವ ಹೆಂಗಸನ್ನು 'ಸಂಪರ್ಕಕ್ಕೆ ಸಿಗಲಿಲ್ಲ' ಎಂದು ಬರೆದ ಕೈ ತನ್ನದು ಎಂದು ನೆನೆದು ಅವಳಿಗೆ ಕೈ ಕಡಿದುಕೊಳ್ಳುವಷ್ಟಾಯಿತು.

ಶುಕ್ರವಾರ ಸಂಜೆಗೆ ಸ್ಲೈಡಿನ ಮುಂದಿನ ಪರೀಕ್ಷೆ ಬಿಟ್ಟು ಎಲ್ಲ ಮುಗಿದಿತ್ತು. ಅದು ಅವಸರಕ್ಕೆ ಆಗುವ ಕೆಲಸವಲ್ಲ, ಬಣ್ಣ ಹಾಕಿ ಕಾಯಬೇಕು, ಮತ್ತೆ ಹಾಕಿ ಮತ್ತೆ ಕಾಯಬೇಕು. ಸೋಮವಾರ ಹನ್ನೊಂದೂವರೆಯಾದರೂ ಸುದ್ದಿಯಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಫೋನ್ ಬಂತು. ಸ್ಲೈಡ್ ಡಾಕ್ಟರು ಶನಿವಾರ ಭಾನುವಾರ ಎರಡೂ ದಿನ ಲ್ಯಾಬಿಗೆ ಬಂದಿದ್ದರಂತೆ. ಜೋರಾಗಿ ಬೆಳೆಯುವ ಜಾತಿಯೇ, ಆದರೆ ಅದಕ್ಕೆ ಹೇಳಿ ಮಾಡಿಸಿದ ಔಷಧಿ ಇದೆ, ಸರಿಯಾಗಿ ನಾಟುತ್ತದೆ ಎಂದರು. ಪಟ್ಟಿ ಬಂದ್ ಆಗುವ ಮೊದಲಿನ ಕೊನೆಯ ಹೆಸರು ದೊಡ್ಡಕ್ಕನದು.

ಬುಧವಾರದ ಸಭೆಯಲ್ಲಿ ಆಪರೇಷನ್ ಡಾಕ್ಟರಮ್ಮ ಸ್ಕ್ಯಾನ್ ನೋಡಿದರು. ಗಂಟು ಬೆಳೆದಿತ್ತು, ಕಂಕುಳಿನ ಒಂದು ಗ್ರಂಥಿಗೂ ತಾಗಿತ್ತು, ಅದರಾಚೆ ಎಲ್ಲೂ ಹೋಗಿರಲಿಲ್ಲ. ಇನ್ನೂ ಕೈ ಮೀರಿಲ್ಲ, ಇನ್ನೊಂದು ತಿಂಗಳು ಬಿಟ್ಟಿದ್ದರೆ ಹೀಗೆ ಹೇಳುತ್ತಿರಲಿಲ್ಲ ಎಂದರು. ಮೊದಲು ಕೀಮೋ ಮತ್ತು ಆ ವಿಶೇಷ ಔಷಧಿ, ಆಮೇಲೆ ಆಪರೇಷನ್ ಎಂದು ತೀರ್ಮಾನವಾಯಿತು. ಏಳು ವಾರ ಯಾಕೆ ತಡ ಎಂದು ಕೇಳಿದಾಗ ಮೂಲೆಯಲ್ಲಿ ಕೂತಿದ್ದ ಪಟ್ಟಿ ಸಿಸ್ಟರ್ ಎದ್ದು ನಿಂತು, ನನ್ನಿಂದ ಎಂದಳು. ಡಾಕ್ಟರಮ್ಮ ಅವಳ ಕಡೆ ನೋಡಿ, ಸೋಮವಾರದಿಂದಲೇ ಶುರುಮಾಡೋಣ ಎಂದರು.

ಮೂರು ವಾರಕ್ಕೊಂದರಂತೆ ಆರು ಸಲ. ಹೇಳಲು ಸುಲಭ. ಎರಡನೆಯ ಸಲಕ್ಕೆ ಕೂದಲು ಉದುರಿತು, ಮೂರನೆಯದಕ್ಕೆ ಬಾಯೆಲ್ಲ ಹುಣ್ಣು, ನಾಲ್ಕನೆಯದಕ್ಕೆ ದೊಡ್ಡಕ್ಕ ಸಾಕು ನಿಲ್ಲಿಸಿಬಿಡಿ ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಬೀಗದವನು ಎಂದೂ ಹೆಂಡತಿಗೆ ಎದುರಾಡದವನು, ಅವತ್ತು ಮಾತ್ರ ಮಂಚದ ಪಕ್ಕ ಕೂತು ಹಟ ಹಿಡಿದ. ಪ್ರತಿ ಸಲವೂ ಪಟ್ಟಿ ಸಿಸ್ಟರ್ ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು. ದೊಡ್ಡಕ್ಕ ಅವಳೊಡನೆ ನಗುನಗುತ್ತ ಮಾತಾಡುತ್ತಿದ್ದಳು ಎಂದೇನಿಲ್ಲ. ಕೆಲವು ಸಲ ಮುಖ ಊದಿಸಿಕೊಂಡು ಕೂತರೆ ಮೂರು ತಾಸು ಒಂದೂ ಮಾತಿಲ್ಲ. ಮೈ ಹಗುರಾದ ದಿನ ಮಾತ್ರ ಹಾಸಿಗೆಯ ಬೆಡ್‌ಶೀಟಿನ ಅಂಚು ಎತ್ತಿ ನೋಡಿ, ಇದು ನಮ್ಮ ಎಡಗೈಯವಳು ಮಡಿಸಿದ್ದು, ಮೂಲೆ ಕೂಡಿಸೋಕೆ ಬರಲ್ಲ ಆ ಕತ್ತೆಗೆ ಎಂದು ಬೈಯುತ್ತಿದ್ದಳು. ಬೈಗುಳ ಶುರುವಾಯಿತೆಂದರೆ ಆಕೆ ಚೇತರಿಸಿಕೊಂಡಳೆಂದೇ ಲೆಕ್ಕ.

ಈ ನಡುವೆ ವಿಚಾರಣೆಯೂ ಆಯಿತು. ಸಂಸ್ಥೆಯ ದೊಡ್ಡ ಅಧಿಕಾರಿಗಳು ಮೂವರು ಉದ್ದ ಮೇಜಿನ ಹಿಂದೆ ಕೂತು ಪಟ್ಟಿ ಸಿಸ್ಟರನ್ನು ಕರೆಸಿದರು. ಬೈಸಿಕೊಂಡು ಬರುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಬರಿಗೈಯಲ್ಲಿ ಹೋಗಿರಲಿಲ್ಲ. ಎರಡು ವರ್ಷದಲ್ಲಿ ತಾನು ಮುಚ್ಚಿದ ಇನ್ನೂರ ಹದಿನಾಲ್ಕು ಫೈಲುಗಳನ್ನು ತೆಗೆಸಿ, ರಜೆ ಹಾಕಿ, ಒಂದೊಂದೇ ಮನೆಗೆ ನಡೆದು ಹೋಗಿ ಬಂದಿದ್ದಳು. ಲಾಂಡ್ರಿಯವರು, ಕ್ಯಾಂಟೀನಿನವರು, ಆಂಬುಲೆನ್ಸ್ ಡ್ರೈವರುಗಳು ವಿಳಾಸ ಹುಡುಕಿಕೊಟ್ಟಿದ್ದರು, ಯಾರ ಓಣಿಯಲ್ಲಿ ಯಾರಿದ್ದಾರೆಂದು ಅವರಿಗೆ ಗೊತ್ತಿಲ್ಲದ್ದೇ ಇಲ್ಲ. ಒಂಬತ್ತು ಜನ ಸಿಕ್ಕಿದರು, ಚಿಕಿತ್ಸೆ ಬೇಕಾಗಿದ್ದೂ ಸಿಗದವರು. ಒಂಬತ್ತೂ ಜನರನ್ನು ಆಗಲೇ ಕರೆತಂದು ಚಿಕಿತ್ಸೆಗೆ ಹಚ್ಚಿಯಾಗಿತ್ತು. ಆ ಒಂಬತ್ತಕ್ಕೂ ತಪ್ಪಿನ ಕಾಗದ ಬರೆದು ಸಹಿ ಹಾಕಿ ತಂದು ಮೇಜಿನ ಮೇಲಿಟ್ಟಳು. ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಪ್ಪಿಗೆ ಮೇಡಂ ತಾವಾಗಿ ಎದ್ದು, ಹತ್ತೂ ತಪ್ಪು ಈ ಸಿಸ್ಟರಿನದಲ್ಲ, ನಿಯಮದ್ದು ಎಂದರಂತೆ. ಆ ಪುಸ್ತಕದ ಬಗ್ಗೆ ಅವರ ಬಾಯಲ್ಲಿ ಅಂಥ ಮಾತು! ಮುಂದಿನ ತಿಂಗಳಿನಿಂದ ಹೊಸ ನಿಯಮ ಬಂತು. ರೋಗಿಯನ್ನು ಎದುರಿಗೆ ಕಂಡು ಮಾತಾಡದೆ ಒಂದು ಫೈಲನ್ನೂ ಮುಚ್ಚುವಂತಿಲ್ಲ. ನಲವತ್ತು ಕ್ಲಿನಿಕ್ಕಿಗೂ ಅದೇ.

ಆಪರೇಷನ್ ಆಗಿ ಹತ್ತನೇ ದಿನ. ತೆಗೆದ ಭಾಗದ ವರದಿ ಬರಬೇಕಾದ ದಿನ. ಡಾಕ್ಟರಮ್ಮನ ಕೋಣೆಯ ಹೊರಗೆ ಬೆಂಚಿನ ಮೇಲೆ ದೊಡ್ಡಕ್ಕ, ಪಕ್ಕದಲ್ಲಿ ಬೀಗದವನು, ಎದುರಿಗೆ ನಿಂತೇ ಇದ್ದ ಪಟ್ಟಿ ಸಿಸ್ಟರ್. ಕಂಪ್ಯೂಟರಿನಲ್ಲಿ ವರದಿ ಇನ್ನೂ ಬಂದಿರಲಿಲ್ಲ. ಬದಲಿಗೆ ಲಿಫ್ಟಿನ ಬಾಗಿಲು ತೆರೆದು ಬಿಳಿ ಕೋಟಿನ ಮುದುಕರೊಬ್ಬರು ಹೊರಗೆ ಬಂದರು. ಅತ್ತಿತ್ತ ನೋಡಿದರು. ಆ ಮಹಡಿಗೆ ಅವರು ಕಾಲಿಟ್ಟು ಎಷ್ಟು ವರ್ಷವಾಗಿತ್ತೋ, ದಾರಿಯೇ ಗೊತ್ತಾಗಲಿಲ್ಲ. ಸ್ಲೈಡ್ ಡಾಕ್ಟರು. ಮೂವತ್ತು ವರ್ಷದಲ್ಲಿ ಒಬ್ಬ ರೋಗಿಯ ಮುಖವನ್ನೂ ನೋಡಿರದಿದ್ದವರು ನೇರ ದೊಡ್ಡಕ್ಕನ ಮುಂದೆ ಬಂದು ನಿಂತರು. ಒಂದು ಸಲ ಕೆಮ್ಮಿದರು.

"ಅರವತ್ತೆರಡು ಸ್ಲೈಡು ಮಾಡಿಸಿದೆ ಅಮ್ಮಾ," ಅಂದರು. "ಒಂದೊಂದನ್ನೂ ಎರಡೆರಡು ಸಲ ನೋಡಿದೆ. ಗಂಟಿದ್ದ ಜಾಗದಲ್ಲೂ ಇಲ್ಲ, ಕಂಕುಳಲ್ಲೂ ಇಲ್ಲ. ಒಂದು ಕಣ ಉಳಿದಿಲ್ಲ. ಪೂರ್ತಿ ಹೋಗಿದೆ."

ಬೀಗದವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಸಣ್ಣ ಮಗುವಿನ ಹಾಗೆ ಬಿಕ್ಕಿದ. ಡಾಕ್ಟರಮ್ಮ ಬಾಗಿಲಿಗೆ ಬಂದವರು ಅಲ್ಲೇ ನಿಂತು ಚಪ್ಪಾಳೆ ಹೊಡೆದರು, ಕಾಯುತ್ತ ಕೂತಿದ್ದ ಬೇರೆ ರೋಗಿಗಳೂ ಹೊಡೆದರು, ಯಾರಿಗೆ ಏನಾಯಿತೆಂದು ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಇನ್ನೂ ಕೆಲವು ತಿಂಗಳು ಇಂಜೆಕ್ಷನ್ ಇದೆ, ಆಗಾಗ ಬಂದು ತೋರಿಸಬೇಕು ಎಂದು ಡಾಕ್ಟರಮ್ಮ ಹೇಳಿದ್ದು ಆ ಸಡಗರದಲ್ಲಿ ಯಾರಿಗೂ ಕೇಳಿಸಲಿಲ್ಲ, ಮತ್ತೆ ಮೂರು ಸಲ ಹೇಳಬೇಕಾಯಿತು. ಸ್ಲೈಡ್ ಡಾಕ್ಟರು ದೊಡ್ಡಕ್ಕನ ತಲೆಯ ಮೇಲೆ ಹೊಸದಾಗಿ ಮೊಳೆತ ಬೆಳ್ಳನೆಯ ಕೂದಲನ್ನು ನೋಡುತ್ತ ನಿಂತುಬಿಟ್ಟಿದ್ದರು. ಗಾಜಿನ ಕೆಳಗೆ ಕಂಡದ್ದಕ್ಕಿಂತ ಎಷ್ಟು ದೊಡ್ಡ ಹೆಂಗಸು ಎಂದು ಅವರಿಗೆ ಆಶ್ಚರ್ಯವಾಗಿರಬೇಕು.

ಗದ್ದಲ ತಣ್ಣಗಾದ ಮೇಲೆ ಬೀಗದವನು ಮುಖ ತೊಳೆಯಲು ಹೋದ. ಬೆಂಚಿನ ಮೇಲೆ ಇವರಿಬ್ಬರೇ. ಇಷ್ಟು ತಿಂಗಳು ಹಲ್ಲು ಕಚ್ಚಿ ತಡೆದುಕೊಂಡಿದ್ದ ಪ್ರಶ್ನೆ ಪಟ್ಟಿ ಸಿಸ್ಟರಿನ ಬಾಯಿಂದ ತಾನಾಗಿ ಹೊರಬಿತ್ತು. ದೊಡ್ಡಕ್ಕಾ, ನನ್ನ ಮೇಲೆ ಇನ್ನೂ ಸಿಟ್ಟಿದೆಯ ಎಂದು ಕೇಳಿಯೇಬಿಟ್ಟಳು.

ದೊಡ್ಡಕ್ಕ ಕಾಲು ನೀಡಿ, ಬೆನ್ನು ಗೋಡೆಗೆ ಆನಿಸಿ, ಆರಾಮಾಗಿ ಕೂತಳು.

"ಇದೆ," ಅಂದಳು. "ಇಲ್ಲ ಅಂತ ಯಾಕೆ ಸುಳ್ಳು ಹೇಳ್ಲಿ? ಏಳು ವಾರ ಅಂದ್ರೆ ಕಮ್ಮೀನಾ? ಅಷ್ಟು ಬೇಗ ಹೋಗಲ್ಲ ಅದು. ಆದ್ರೆ ಈಗ ನಂಗೆ ಅವಸರ ಏನೂ ಇಲ್ಲ ಬಿಡಿ. ಇನ್ನೂ ಮೂವತ್ತು ವರ್ಷ ಇದೆ, ನಿಧಾನಕ್ಕೆ ಸಿಟ್ಟು ಮಾಡ್ಕೋತೀನಿ."

ಪಟ್ಟಿ ಸಿಸ್ಟರ್‌ಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. ಮೂವತ್ತು ವರ್ಷ ಬೈಸಿಕೊಳ್ಳಲು ತಾನು ತಯಾರು, ಒಂದು ದಿನವೂ ಕಮ್ಮಿ ಮಾಡಬೇಡಿ ಎಂದು ಆಕೆಯ ಎರಡೂ ಕೈ ಹಿಡಿದುಕೊಂಡಳು.